ರಿಯಾಯಿತಿ ದರದ ರೋಡ್ ಬೈಕ್ ಹೊಸ ಸವಾರರಿಗೆ ಹೊಂದುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಿದ ಹ್ಯಾಂಡಲ್ಲಿನ, ತೆಳು ಟೈರಿನ ರೋಡ್ ಬೈಕನ್ನು ಮೊದಲ ಬಾರಿಗೆ ಕೊಳ್ಳುವವರಲ್ಲಿ ಅನೇಕರು ದರ ಇಳಿದಿರುವುದನ್ನು ಕಂಡೇ ಆ ಯೋಚನೆಗೆ ಬಂದಿರುತ್ತಾರೆ. ಇಳಿದ ದರದಲ್ಲಿ ಒಳ್ಳೆಯ ಸೈಕಲ್ ಖಂಡಿತ ಸಿಗುತ್ತದೆ. ಆದರೆ ಆ ಸೈಕಲ್ ಕೊಳ್ಳುವವರ ಮೈಗೆ, ಅವರು ತುಳಿಯಲಿರುವ ರಸ್ತೆಗೆ ಒಗ್ಗುತ್ತದೆಯೇ ಎಂಬುದನ್ನು ದರದ ಚೀಟಿ ಹೇಳುವುದಿಲ್ಲ. ಹೊಸಬರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ.

ದರ ಇಳಿಸಿದ್ದಾರೆ ಎಂದರೆ ಸೈಕಲ್ಲಿನಲ್ಲಿ ಏನೋ ದೋಷವಿದೆ ಎಂದರ್ಥವೇ?

ಹೆಚ್ಚಿನ ಸಂದರ್ಭಗಳಲ್ಲಿ ಹಾಗಲ್ಲ. ತಯಾರಕರು ಪ್ರತಿ ಒಂದೆರಡು ವರ್ಷಕ್ಕೆ ಮಾದರಿಯನ್ನು ಬದಲಿಸುತ್ತಾರೆ. ಕೆಲವೊಮ್ಮೆ ಬದಲಾಗುವುದು ಬಣ್ಣವೊಂದೇ. ಹೊಸ ಮಾದರಿ ಬಂದೊಡನೆ ಹಳೆಯದನ್ನು ಗೋದಾಮಿನಿಂದ ಖಾಲಿ ಮಾಡಲೇಬೇಕಾಗುತ್ತದೆ. 2020 ಮತ್ತು 2021ರಲ್ಲಿ ಜಗತ್ತಿನಾದ್ಯಂತ ಸೈಕಲ್ಲಿಗೆ ಏಕಾಏಕಿ ಬೇಡಿಕೆ ಏರಿದಾಗ ಅಂಗಡಿಗಳು ದೊಡ್ಡ ಪ್ರಮಾಣದಲ್ಲಿ ಬೇಡಿಕೆ ಸಲ್ಲಿಸಿದ್ದವು. ಮಾಲು ಕೈಸೇರುವ ಹೊತ್ತಿಗೆ ಬೇಡಿಕೆ ತಗ್ಗಿದ್ದರಿಂದ ಮುಂದಿನ ವರ್ಷಗಳಲ್ಲಿ ಒಳ್ಳೊಳ್ಳೆಯ ಮಾದರಿಗಳ ದರವೂ ಇಳಿಯಿತು. ಗೇರಿನ ತಂತ್ರಜ್ಞಾನ ಒಂದು ಹೆಜ್ಜೆ ಮುಂದೆ ಹೋದಾಗ ಹಿಂದಿನ ತಲೆಮಾರಿನ ಭಾಗಗಳಿರುವ ಸೈಕಲ್ಲುಗಳಿಗೂ ಇದೇ ಗತಿ. ಇವೆಲ್ಲ ಕೊಳ್ಳುವವರಿಗೆ ಅನುಕೂಲವಾದ ಕಾರಣಗಳು.

ಎಚ್ಚರ ವಹಿಸಬೇಕಾದ ಕಾರಣ ಬೇರೆ. ಯಾವುದೇ ಮಾದರಿಯಲ್ಲಿ ಮಧ್ಯಮ ಅಳತೆಗಳು ಮೊದಲು ಮಾರಾಟವಾಗಿ, ತೀರಾ ಚಿಕ್ಕವು ಮತ್ತು ತೀರಾ ದೊಡ್ಡವು ಕೊನೆಗೆ ಉಳಿಯುತ್ತವೆ. ಅತಿ ಹೆಚ್ಚು ರಿಯಾಯಿತಿ ಇರುವುದು ಬಹಳಷ್ಟು ಸಲ ಈ ಉಳಿದ ಅಳತೆಗಳ ಮೇಲೆ. ನೀವು ತುಂಬ ಎತ್ತರದವರು ಅಥವಾ ತುಂಬ ಗಿಡ್ಡ ಇರುವವರಾದರೆ ಇದು ನಿಮ್ಮ ಅದೃಷ್ಟ. ಉಳಿದವರ ಪಾಲಿಗೆ ಅದು ಬೇರೆಯವರ ಅಳತೆಗೆ ಹೊಲಿದ ಅಂಗಿ.

ಹಾಗಾದರೆ ಮೊದಲು ನೋಡಬೇಕಾದದ್ದು ಯಾವುದು?

ಫ್ರೇಮಿನ ಅಳತೆ. ಗೇರು, ಬ್ರೇಕು, ತೂಕ, ಬಣ್ಣ ಎಲ್ಲವೂ ಅದರ ನಂತರ. ಈ ಮಾತನ್ನು ಇಷ್ಟು ಒತ್ತಿ ಹೇಳಲು ನನ್ನ ಸ್ವಂತ ಅನುಭವವೇ ಕಾರಣ. ನನ್ನ ಮೊದಲ ರೋಡ್ ಬೈಕನ್ನು ಶೇಕಡಾ 40ರ ರಿಯಾಯಿತಿಯಲ್ಲಿ ಕೊಂಡೆ. ನನಗೆ ಹೊಂದುವುದು 52 ಸೆಂ.ಮೀ. ಫ್ರೇಮು, ಅಂಗಡಿಯಲ್ಲಿ ಉಳಿದಿದ್ದುದು 56. ಸೀಟು ಇಳಿಸಿಕೊಂಡರೆ ಆಯಿತು ಎಂದು ಅಂಗಡಿಯವರು ಹೇಳಿದರು, ನಾನು ನಂಬಿದೆ. ಸೀಟಿನ ಕಂಬವನ್ನು ಎಷ್ಟು ಇಳಿಸಬೇಕಾಯಿತೆಂದರೆ ಫ್ರೇಮಿನ ಮೇಲೆ ಎರಡು ಬೆರಳಿನ ಅಗಲದಷ್ಟು ಮಾತ್ರ ಕಾಣುತ್ತಿತ್ತು. ಕಾಲಿನ ಲೆಕ್ಕ ಹೇಗೋ ಸರಿಹೋಯಿತು, ಕೈಯದ್ದು ಹೋಗಲಿಲ್ಲ. ಹ್ಯಾಂಡಲ್ ಅಷ್ಟು ದೂರದಲ್ಲಿತ್ತು. ಬ್ರೇಕ್ ಹಿಡಿಕೆಯ ಮೇಲೆ ಕೈಯಿಟ್ಟರೆ ಮೊಣಕೈ ಸೆಟೆದು ನಿಲ್ಲುತ್ತಿತ್ತು, ರಸ್ತೆಯ ಪ್ರತಿ ಕುಲುಕೂ ನೇರವಾಗಿ ಭುಜಕ್ಕೆ ಬಡಿಯುತ್ತಿತ್ತು. ಸುಮಾರು 40 ನಿಮಿಷ ತುಳಿದರೆ ಕಿರುಬೆರಳು, ಉಂಗುರದ ಬೆರಳು ಎರಡೂ ಜೋಮು ಹಿಡಿಯುತ್ತಿದ್ದವು. ಹ್ಯಾಂಡಲ್ಲನ್ನು, ಮುಂದಿನ ಚಕ್ರವನ್ನು ಹಿಡಿದಿಡುವ ಫೋರ್ಕಿಗೆ ಕೂಡಿಸುವ ಸ್ಟೆಮ್ಮನ್ನು 110 ಮಿ.ಮೀ.ಯಿಂದ 80ಕ್ಕೆ ಬದಲಿಸಿದೆ, ಸೀಟನ್ನು ಮುಂದಕ್ಕೆ ಎಳೆದೆ, ಕೈಗವಸು ಹಾಕಿದೆ. ಎಂಟು ತಿಂಗಳ ನಂತರ ಕೊಟ್ಟ ದರದ ಅರ್ಧಕ್ಕಿಂತ ಕಡಿಮೆಗೆ ಅದನ್ನು ಮಾರಿದೆ. ಆ ಸೈಕಲ್ಲಿನಲ್ಲಿ ಯಾವ ದೋಷವೂ ಇರಲಿಲ್ಲ, ನನಗಿಂತ ಒಂದು ಗೇಣು ಎತ್ತರವಿದ್ದ ಹೊಸ ಒಡೆಯರು ಅದನ್ನು ಸಂತೋಷದಿಂದ ತುಳಿಯುತ್ತಿದ್ದಾರೆ.

ನನಗೆ ಹೊಂದುವ ಅಳತೆಯನ್ನು ಮನೆಯಲ್ಲೇ ತಿಳಿಯುವುದು ಹೇಗೆ?

ಬರಿಗಾಲಿನಲ್ಲಿ ಗೋಡೆಗೆ ಬೆನ್ನು ತಾಗಿಸಿ, ಪಾದಗಳ ನಡುವೆ ಸುಮಾರು 15 ಸೆಂ.ಮೀ. ಅಂತರ ಬಿಟ್ಟು ನಿಂತುಕೊಳ್ಳಿ. ಗಟ್ಟಿ ರಟ್ಟಿನ ಪುಸ್ತಕವೊಂದನ್ನು ತೊಡೆಗಳ ಸಂದಿನಲ್ಲಿಟ್ಟು, ಸೀಟಿನ ಮೇಲೆ ಕುಳಿತಾಗ ಎಷ್ಟು ಒತ್ತುವುದೋ ಅಷ್ಟು ಬಲವಾಗಿ ಮೇಲಕ್ಕೆತ್ತಿ, ಪುಸ್ತಕದ ಮೇಲಂಚು ಗೋಡೆಗೆ ತಾಗುವಲ್ಲಿ ಗುರುತು ಮಾಡಿಸಿ. ನೆಲದಿಂದ ಆ ಗುರುತಿನವರೆಗಿನದು ನಿಮ್ಮ ಒಳಗಾಲಿನ ಅಳತೆ. ಅದನ್ನು 0.883ರಿಂದ ಗುಣಿಸಿದರೆ ಪೆಡಲಿನ ತೋಳು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗೆ ಇರಬೇಕಾದ ಎತ್ತರ ಅಂದಾಜಾಗಿ ಸಿಗುತ್ತದೆ. ಒಳಗಾಲು 80 ಸೆಂ.ಮೀ. ಇದ್ದರೆ ಸೀಟಿನ ಎತ್ತರ ಸುಮಾರು 70.6 ಸೆಂ.ಮೀ. ಇದು ಆರಂಭಕ್ಕೆ ಹಿಡಿಯಬೇಕಾದ ಎತ್ತರ ಮಾತ್ರ, ನಂತರ ಒಂದೆರಡು ಸೆಂ.ಮೀ. ಹೆಚ್ಚುಕಡಿಮೆ ಮಾಡಿಕೊಳ್ಳಬೇಕಾಗುತ್ತದೆ.

ಸೀಟಿನ ಎತ್ತರವನ್ನು ಹೊಂದಿಸಿಕೊಳ್ಳಬಹುದು, ಫ್ರೇಮಿನ ಉದ್ದವನ್ನು ಹಾಗೆ ಮಾಡಲಾಗುವುದಿಲ್ಲ. ಆದ್ದರಿಂದ ತಯಾರಕರ ಅಳತೆಯ ಪಟ್ಟಿಯಲ್ಲಿ ಸ್ಟ್ಯಾಕ್ ಮತ್ತು ರೀಚ್ ಎಂಬ ಎರಡು ಸಾಲುಗಳನ್ನು ಹುಡುಕಿ. ಪೆಡಲ್ ಅಚ್ಚಿನ ನಡುವಿನಿಂದ ಫ್ರೇಮಿನ ತಲೆಯ ಕೊಳವೆಯ ಮೇಲ್ತುದಿ ಎಷ್ಟು ಎತ್ತರದಲ್ಲಿದೆ ಎಂಬುದು ಸ್ಟ್ಯಾಕ್, ಎಷ್ಟು ಮುಂದಿದೆ ಎಂಬುದು ರೀಚ್. ಒಬ್ಬ ತಯಾರಕರ 54 ಇನ್ನೊಬ್ಬರ 52ಕ್ಕೆ ಸಮವಾಗಿರಬಹುದು, ಮೂರನೆಯವರು ಸಂಖ್ಯೆಯನ್ನೇ ಬಿಟ್ಟು ಚಿಕ್ಕದು, ಮಧ್ಯಮ, ದೊಡ್ಡದು ಎಂದು ಬರೆದಿರಬಹುದು. ಸ್ಟ್ಯಾಕ್ ಮತ್ತು ರೀಚ್ ಮಾತ್ರ ಎಲ್ಲರಲ್ಲೂ ಒಂದೇ ರೀತಿ ಅಳೆಯುವಂಥವು. ಗೆಳೆಯರ ಸೈಕಲ್ಲೊಂದು ನಿಮಗೆ ಹಿತವಾಗಿದ್ದರೆ ಅದರ ಈ ಎರಡು ಅಂಕಿಗಳನ್ನು ಬರೆದಿಟ್ಟುಕೊಂಡು ರಿಯಾಯಿತಿಯ ಸೈಕಲ್ಲಿನ ಅಂಕಿಗಳ ಪಕ್ಕ ಇಟ್ಟು ನೋಡಿ. ಇದಕ್ಕಿಂತ ನಂಬಿಕೆಯ ಮನೆಮದ್ದು ನನಗೆ ಗೊತ್ತಿಲ್ಲ.

ಅಳತೆ ಸ್ವಲ್ಪ ಹೆಚ್ಚುಕಡಿಮೆ ಇದ್ದರೆ ಸರಿಪಡಿಸಿಕೊಳ್ಳಲಾಗದೇ?

ಎರಡು ಅಳತೆಗಳ ನಡುವೆ ನೀವು ಬರುತ್ತಿದ್ದರೆ ಸರಿಪಡಿಸಬಹುದು. ಸ್ಟೆಮ್ಮನ್ನು 10ರಿಂದ 20 ಮಿ.ಮೀ.ವರೆಗೆ ಗಿಡ್ಡ ಅಥವಾ ಉದ್ದ ಮಾಡುವುದು ಸಹಜವಾದ ಕೆಲಸ. ಅದಕ್ಕಿಂತ ಹೆಚ್ಚು ಬದಲಿಸಬೇಕಾಗಿ ಬಂದರೆ ಫ್ರೇಮೇ ತಪ್ಪು ಎಂದು ತಿಳಿಯಬೇಕು. ಹೊಸಬರಿಗೆ ಎರಡರ ನಡುವೆ ಯಾವುದು ಎಂದು ಕೇಳಿದರೆ, ಹ್ಯಾಂಡಲ್ ತೀರಾ ತಗ್ಗಿಗೆ ಹೋಗದಿರುವವರೆಗೆ ಚಿಕ್ಕದನ್ನು ಆರಿಸಿ ಎಂಬುದು ನನ್ನ ಸಲಹೆ. ಚಿಕ್ಕ ಫ್ರೇಮನ್ನು ಉದ್ದ ಸ್ಟೆಮ್ಮಿನಿಂದ ಸ್ವಲ್ಪ ಹಿಗ್ಗಿಸಿಕೊಳ್ಳಬಹುದು, ದೊಡ್ಡ ಫ್ರೇಮನ್ನು ಕುಗ್ಗಿಸುವುದಕ್ಕೆ ದಾರಿಗಳು ಬೇಗ ಮುಗಿದುಹೋಗುತ್ತವೆ.

ಇನ್ನೆರಡು ಸಂಗತಿಗಳನ್ನು ನೋಡಿಕೊಳ್ಳಿ. ಪ್ರದರ್ಶನಕ್ಕಿಟ್ಟ ಅಥವಾ ಯಾರೋ ಹಿಂದಿರುಗಿಸಿದ ಸೈಕಲ್ಲಿನಲ್ಲಿ ಫೋರ್ಕಿನ ಮೇಲುಕೊಳವೆಯನ್ನು ಈಗಾಗಲೇ ಕತ್ತರಿಸಿರಬಹುದು. ಕತ್ತರಿಸಿದ ಮೇಲೆ ಹ್ಯಾಂಡಲ್ಲನ್ನು ಬೇಕಾದಷ್ಟು ಎತ್ತರಿಸಲಾಗುವುದಿಲ್ಲ. ಕೇಬಲ್ಲುಗಳೆಲ್ಲ ಹ್ಯಾಂಡಲ್ ಮತ್ತು ಸ್ಟೆಮ್ಮಿನ ಒಳಗೇ ಹಾದುಹೋಗುವ ಮಾದರಿಗಳಲ್ಲಿ ಸ್ಟೆಮ್ ಬದಲಿಸಲು ಕೇಬಲ್ ಬಿಚ್ಚುವುದು, ಬ್ರೇಕಿನ ಎಣ್ಣೆ ಮತ್ತೆ ತುಂಬುವುದು ಇತ್ಯಾದಿ ಗಂಟೆಗಟ್ಟಲೆ ಕೆಲಸವಿರುತ್ತದೆ. ಇನ್ನೂ ತಮ್ಮ ಭಂಗಿಯನ್ನು ಹುಡುಕಿಕೊಳ್ಳುತ್ತಿರುವ ಹೊಸಬರಿಗೆ ಕೇಬಲ್ ಹೊರಗೆ ಕಾಣುವ ಸೈಕಲ್ಲೇ ಸುಲಭ.

ರೇಸ್ ಮಾದರಿ, ಎಂಡ್ಯೂರೆನ್ಸ್ ಮಾದರಿ ಎನ್ನುತ್ತಾರೆ. ಹೊಸಬರಿಗೆ ಯಾವುದು?

ಎಂಡ್ಯೂರೆನ್ಸ್. ರೇಸ್ ಮಾದರಿಯಲ್ಲಿ ಹ್ಯಾಂಡಲ್ ತಗ್ಗಿನಲ್ಲಿ, ದೂರದಲ್ಲಿ ಇರುತ್ತದೆ. ಗಾಳಿಯನ್ನು ಸೀಳಲು ಬೆನ್ನು ಬಾಗಿಸಿ ಗಂಟೆಗಟ್ಟಲೆ ಕೂರಬಲ್ಲವರಿಗೆ ಅದು ತಕ್ಕುದು. ಎಂಡ್ಯೂರೆನ್ಸ್ ಮಾದರಿಯಲ್ಲಿ ಹ್ಯಾಂಡಲ್ ಎತ್ತರ, ಚಕ್ರಗಳ ನಡುವಿನ ಅಂತರ ಹೆಚ್ಚು, ದಪ್ಪ ಟೈರಿಗೆ ಜಾಗವೂ ಇರುತ್ತದೆ. ಸ್ಟ್ಯಾಕನ್ನು ರೀಚಿನಿಂದ ಭಾಗಿಸಿದಾಗ 1.5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಭಂಗಿ ನೆಟ್ಟಗಿರುತ್ತದೆ, 1.45ಕ್ಕಿಂತ ಕೆಳಗಿಳಿದಷ್ಟೂ ಅದು ರೇಸಿನ ಕಡೆಗೆ ವಾಲುತ್ತದೆ. ಎರಡೂ ಒಂದೇ ದರಕ್ಕೆ ಬಂದು ನಿಂತಾಗ ರೇಸ್ ಮಾದರಿಯ ಹೆಸರು ಮತ್ತು ನೋಟ ಮನಸ್ಸನ್ನು ಸೆಳೆಯುತ್ತವೆ. ಕತ್ತು ಮತ್ತು ಸೊಂಟ ಮೂರನೆಯ ವಾರದಲ್ಲಿ ಏನು ಹೇಳುತ್ತವೆ ಎಂಬುದನ್ನು ಆ ಹೊತ್ತಿನಲ್ಲಿ ನೆನಪಿಸಿಕೊಳ್ಳಬೇಕು.

ಗೇರಿನ ಬಗ್ಗೆ ಏನನ್ನು ಕೇಳಬೇಕು? ಎಷ್ಟು ಗೇರು ಇದ್ದರೆ ಸಾಕು?

ಒಟ್ಟು ಎಷ್ಟು ಗೇರು ಎಂಬುದಕ್ಕಿಂತ ಅತ್ಯಂತ ಹಗುರವಾದ ಗೇರು ಯಾವುದು ಎಂಬುದನ್ನು ಕೇಳಿ. ಮುಂದಿನ ಚಿಕ್ಕ ಹಲ್ಲುಚಕ್ರದ ಹಲ್ಲುಗಳ ಸಂಖ್ಯೆಯನ್ನು ಹಿಂದಿನ ಅತಿ ದೊಡ್ಡ ಹಲ್ಲುಚಕ್ರದ ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದರೆ ಉತ್ತರ ಸಿಗುತ್ತದೆ. ಇಂದಿನ ಹೊಸಬರ ಮಾದರಿಗಳಲ್ಲಿ ಮುಂದೆ 50 ಮತ್ತು 34 ಹಲ್ಲಿನ ಜೋಡಿ, ಹಿಂದೆ 11ರಿಂದ 32 ಅಥವಾ 34 ಹಲ್ಲಿನ ಕ್ಯಾಸೆಟ್, ಅಂದರೆ ಹಲ್ಲುಚಕ್ರಗಳ ಗೊಂಚಲು, ಇರುವುದು ವಾಡಿಕೆ. 34ಕ್ಕೆ 34 ಇದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಚಕ್ರವೂ ಒಂದೇ ಸುತ್ತು ತಿರುಗಿ, ಸೈಕಲ್ ಸುಮಾರು 2.1 ಮೀಟರ್ ಮುಂದೆ ಹೋಗುತ್ತದೆ. ಹಳೆಯ ರೇಸ್ ಸೈಕಲ್ಲುಗಳಲ್ಲಿದ್ದ 53 ಮತ್ತು 39ರ ಜೋಡಿಗೆ ಹಿಂದೆ 25 ಹಲ್ಲಿನ ಚಕ್ರವಿದ್ದರೆ ಅದೇ ಒಂದು ಸುತ್ತಿಗೆ ಸುಮಾರು 3.3 ಮೀಟರ್ ಹೋಗಬೇಕು.

ಈ ಅಂತರ ಕಾಗದದ ಮೇಲೆ ಚಿಕ್ಕದಾಗಿ ಕಾಣುತ್ತದೆ, ಏರಿನಲ್ಲಿ ಹಾಗಲ್ಲ. ನಿಮಿಷಕ್ಕೆ 70 ಸುತ್ತು ತುಳಿದರೆ ಮೊದಲನೆಯದರಲ್ಲಿ ಗಂಟೆಗೆ ಸುಮಾರು 9 ಕಿ.ಮೀ., ಎರಡನೆಯದರಲ್ಲಿ ಸುಮಾರು 14 ಕಿ.ಮೀ. ವೇಗ. ಸವಾರ ಮತ್ತು ಸೈಕಲ್ ಸೇರಿ 80 ಕೆ.ಜಿ. ತೂಗುತ್ತಾರೆ, ಏರು ನೂರು ಮೀಟರಿಗೆ 8 ಮೀಟರ್ ಏರುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 9 ಕಿ.ಮೀ.ಗೆ ಸುಮಾರು 165 ವ್ಯಾಟ್ ಶಕ್ತಿ ಸಾಕು, 14 ಕಿ.ಮೀ.ಗೆ ಸುಮಾರು 260 ವ್ಯಾಟ್ ಬೇಕು. ಎರಡನೆಯದನ್ನು ಹತ್ತಿಪ್ಪತ್ತು ನಿಮಿಷ ಹಿಡಿದಿಡುವುದು ಹೊಸಬರಿಂದ ಆಗದ ಕೆಲಸ. ಆಗ ಸವಾರರು ಸುತ್ತುಗಳನ್ನು ಕಡಿಮೆ ಮಾಡಿ, ಪ್ರತಿ ತುಳಿತಕ್ಕೂ ಮೈಯ ಭಾರವನ್ನೆಲ್ಲ ಹಾಕಿ, ಮಂಡಿಯನ್ನು ನೋಯಿಸಿಕೊಂಡು, ಕೊನೆಗೆ ಇಳಿದು ತಳ್ಳುತ್ತಾರೆ. ತಮ್ಮ ಕಾಲಿನಲ್ಲಿ ಬಲವಿಲ್ಲವೆಂದು ಅವರು ಬೇಸರ ಪಟ್ಟುಕೊಳ್ಳುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಕೊರತೆ ಇರುವುದು ಗೇರಿನಲ್ಲಿ.

ಹಿಂದಿನ ಕ್ಯಾಸೆಟ್ಟನ್ನು ಬದಲಿಸಿ ಗೇರನ್ನು ಹಗುರ ಮಾಡಬಹುದು, ಆದರೆ ಅದಕ್ಕೊಂದು ಮಿತಿಯಿದೆ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಹಿಂದಿನ ಡಿರೇಲರಿನ ತೋಳು ಗಿಡ್ಡದಾಗಿದ್ದರೆ ಅದು ಸಾಮಾನ್ಯವಾಗಿ 28 ಅಥವಾ 30 ಹಲ್ಲಿಗಿಂತ ದೊಡ್ಡದನ್ನು ಒಪ್ಪುವುದಿಲ್ಲ. ಆಗ ಡಿರೇಲರ್, ಕ್ಯಾಸೆಟ್, ಚೈನು ಮೂರನ್ನೂ ಕೊಳ್ಳಬೇಕಾಗಿ ಬಂದು, ಉಳಿಸಿದ ಹಣದಲ್ಲಿ ದೊಡ್ಡ ಪಾಲು ಅಲ್ಲಿಗೇ ಹೋಗುತ್ತದೆ. ನಿಮ್ಮ ರಸ್ತೆಗಳೆಲ್ಲ ಸಮತಟ್ಟಾಗಿದ್ದರೆ ಈ ಚಿಂತೆ ಬೇಡ.

ಕ್ಲಾರಿಸ್, ಸೋರ, 105 ಎಂಬ ಹೆಸರುಗಳ ಅರ್ಥವೇನು? ಹಿಂದಿನ ತಲೆಮಾರಿನದ್ದಾದರೆ ಪರವಾಗಿಲ್ಲವೇ?

ಗೇರು, ಬ್ರೇಕು, ಚೈನು ಮುಂತಾದವುಗಳ ಒಟ್ಟು ಜೋಡಣೆಯನ್ನು ಗ್ರೂಪ್‌ಸೆಟ್ ಎನ್ನುತ್ತಾರೆ. ಶಿಮಾನೊ ಕಂಪನಿಯ ರೋಡ್ ಬೈಕ್ ಸಾಲಿನಲ್ಲಿ ಕ್ಲಾರಿಸ್‌ಗೆ ಹಿಂದೆ 8 ಹಲ್ಲುಚಕ್ರಗಳು, ಸೋರಕ್ಕೆ 9, ಟಿಯಾಗ್ರಕ್ಕೆ 10. ಅದರ ಮೇಲಿನ 105 ಬಹುಕಾಲ 11 ಇದ್ದು, 2022ರಲ್ಲಿ ವಿದ್ಯುತ್‌ಚಾಲಿತ ರೂಪದಲ್ಲೂ 2023ರಲ್ಲಿ ಕೇಬಲ್ಲಿನ ರೂಪದಲ್ಲೂ 12ಕ್ಕೆ ಏರಿತು. ಇವುಗಳ ಮೇಲೆ ಅಲ್ಟೆಗ್ರ, ಡ್ಯೂರಾ ಏಸ್ ಇವೆ. 11 ಹಲ್ಲುಚಕ್ರಗಳ 105 ಇರುವ ಸೈಕಲ್ ಹೊಸ ತಲೆಮಾರು ಬಂದಿತೆಂಬ ಒಂದೇ ಕಾರಣಕ್ಕೆ ಇಳಿದ ದರದಲ್ಲಿ ಸಿಕ್ಕರೆ, ಅಳತೆಯೂ ಹೊಂದಿದರೆ, ಅದು ಹೊಸಬರಿಗೆ ಸಿಗಬಹುದಾದ ಅತ್ಯುತ್ತಮ ರಿಯಾಯಿತಿಗಳಲ್ಲಿ ಒಂದು ಎಂದು ನಾನು ಹಿಂಜರಿಯದೆ ಹೇಳುತ್ತೇನೆ.

ಕೆಳಗಿನ ಹಂತದ ಗ್ರೂಪ್‌ಸೆಟ್ಟುಗಳನ್ನು ಕೀಳಾಗಿ ಕಾಣಬೇಕಿಲ್ಲ. ಹೊಂದಿಸಿಟ್ಟ ಕ್ಲಾರಿಸ್ ನಿಖರವಾಗಿ ಗೇರು ಬದಲಿಸುತ್ತದೆ, ಅದರ ಚೈನು ಮತ್ತು ಕ್ಯಾಸೆಟ್ ಅಗ್ಗವೂ ಹೌದು. ಆದರೆ ಹೆಸರಿನ ಸ್ಟಿಕ್ಕರ್ ಇಡೀ ಸೈಕಲ್ಲಿನ ಕತೆ ಹೇಳುವುದಿಲ್ಲ. ಹಿಂದಿನ ಡಿರೇಲರ್ ಮಾತ್ರ 105 ಇದ್ದು, ಬ್ರೇಕು, ಪೆಡಲಿನ ತೋಳು, ಕ್ಯಾಸೆಟ್ಟುಗಳು ಬೇರೆ ಅಗ್ಗದ ತಯಾರಿಕೆಯವು ಆಗಿರುವುದು ಸಾಮಾನ್ಯ. ಅವುಗಳಲ್ಲಿ ಬ್ರೇಕನ್ನು ಮಾತ್ರ ವಿಶೇಷವಾಗಿ ವಿಚಾರಿಸಿ.

ಹಳೆಯ ಸಂಗ್ರಹದ ಸೈಕಲ್ಲುಗಳಲ್ಲಿ ತಯಾರಕರೇ ಹಿಂಪಡೆದ ಭಾಗಗಳು ಇರಬಹುದೇ?

ಇರಬಹುದು, ಇದನ್ನು ಪರೀಕ್ಷಿಸದೆ ಕೊಳ್ಳಬಾರದು. 2023ರ ಸೆಪ್ಟೆಂಬರಿನಲ್ಲಿ ಶಿಮಾನೊ ತನ್ನ 11 ಹಲ್ಲುಚಕ್ರಗಳ ತಲೆಮಾರಿನ ಅಲ್ಟೆಗ್ರ ಮತ್ತು ಡ್ಯೂರಾ ಏಸ್ ಪೆಡಲ್ ತೋಳುಗಳನ್ನು ತಪಾಸಣೆಗೆ ಕರೆಯಿತು. 2019ರ ಜುಲೈಗೆ ಮುಂಚೆ ತಯಾರಾದ, ಎಫ್‌ಸಿ-6800, ಎಫ್‌ಸಿ-ಆರ್8000, ಎಫ್‌ಸಿ-9000, ಎಫ್‌ಸಿ-ಆರ್9100 ಸಂಖ್ಯೆಯವು ಇದರಲ್ಲಿ ಸೇರಿವೆ. ಅಂಟಿನಿಂದ ಕೂಡಿಸಿದ ಎರಡು ಲೋಹದ ಭಾಗಗಳು ಬಿಟ್ಟುಕೊಂಡು ತೋಳು ಮುರಿಯುವ ಸಾಧ್ಯತೆಯೇ ಕಾರಣ. ಸಂಖ್ಯೆ ತೋಳಿನ ಒಳಮೈಯಲ್ಲಿ ಅಚ್ಚಾಗಿರುತ್ತದೆ. ಕೈದೀಪ ಹಿಡಿದು ಓದಬಹುದು. ಈ ಪಟ್ಟಿಯಲ್ಲಿರುವ ತೋಳು ಕಂಡರೆ ತಪಾಸಣೆ ನಡೆದಿದೆಯೇ ಎಂದು ಅಂಗಡಿಯವರಿಂದ ಬರಹದಲ್ಲಿ ಪಡೆಯಿರಿ. 105 ಈ ಪಟ್ಟಿಯಲ್ಲಿ ಇರಲಿಲ್ಲ. ಫ್ರೇಮು, ಫೋರ್ಕು, ಹ್ಯಾಂಡಲ್ಲುಗಳಿಗೂ ಇಂಥ ಹಿಂಪಡೆತಗಳು ಆಗುವುದುಂಟು, ಆದ್ದರಿಂದ ಮಾದರಿಯ ಹೆಸರು ಮತ್ತು ವರ್ಷ ಹಿಡಿದು ತಯಾರಕರ ಪ್ರಕಟಣೆಗಳನ್ನು ಹುಡುಕುವುದು ಐದು ನಿಮಿಷದ ಕೆಲಸ.

ರಿಮ್ ಬ್ರೇಕಿನ ಸೈಕಲ್ಲುಗಳ ದರ ತುಂಬ ಇಳಿದಿದೆ. ಕೊಳ್ಳಬಹುದೇ?

ರಿಮ್ ಬ್ರೇಕ್ ಚಕ್ರದ ಅಂಚಿನ ರಿಮ್ಮನ್ನೇ ರಬ್ಬರಿನಿಂದ ಹಿಡಿಯುತ್ತದೆ, ಡಿಸ್ಕ್ ಬ್ರೇಕ್ ಚಕ್ರದ ನಡುವಿನ ತಟ್ಟೆಯನ್ನು ಹಿಡಿಯುತ್ತದೆ. ವೃತ್ತಿಪರ ರಸ್ತೆ ಸ್ಪರ್ಧೆಗಳಲ್ಲಿ ಡಿಸ್ಕ್ ಬ್ರೇಕಿಗೆ 2018ರಲ್ಲಿ ಪೂರ್ಣ ಅನುಮತಿ ದೊರೆತ ಮೇಲೆ ಹೆಚ್ಚಿನ ತಯಾರಕರು ಒಬ್ಬೊಬ್ಬರಾಗಿ ರಿಮ್ ಬ್ರೇಕನ್ನು ಬಿಟ್ಟರು. ಹಾಗಾಗಿ ಉಳಿದ ರಿಮ್ ಬ್ರೇಕ್ ಮಾದರಿಗಳ ದರ ಇಳಿದಿದೆ. ಅವು ಹಗುರ, ಸರಳ, ಮನೆಯಲ್ಲೇ ಹೊಂದಿಸಿಕೊಳ್ಳುವಂಥವು, ಬ್ರೇಕಿನ ರಬ್ಬರ್ ಅಗ್ಗ. ಒಣ ರಸ್ತೆಯಲ್ಲಿ, ಅಲ್ಯೂಮಿನಿಯಂ ರಿಮ್ಮಿನ ಮೇಲೆ ಅವು ಚೆನ್ನಾಗಿಯೇ ನಿಲ್ಲಿಸುತ್ತವೆ. ಮಳೆಯಲ್ಲಿ ಮಾತ್ರ ರಿಮ್ಮಿನ ಮೇಲಿನ ನೀರು ಒರೆಸಿಹೋಗುವವರೆಗೆ ಒಂದೆರಡು ಕ್ಷಣ ಹಿಡಿತ ಸಿಗುವುದಿಲ್ಲ. ಮಳೆಯಲ್ಲೂ ಓಡಾಡಬೇಕಾದವರು, ಉದ್ದ ಇಳಿಜಾರುಗಳಲ್ಲಿ ಇಳಿಯುವವರು, ಬೆರಳಿನ ಬಲ ಕಡಿಮೆ ಇರುವವರು ಎಣ್ಣೆಯ ಒತ್ತಡದ ಡಿಸ್ಕ್ ಬ್ರೇಕಿಗೆ ಸ್ವಲ್ಪ ಹೆಚ್ಚು ಕೊಡುವುದು ಸರಿ. ಕಾರ್ಬನ್ ನಾರಿನ ರಿಮ್ಮಿನ ಮೇಲೆ ರಿಮ್ ಬ್ರೇಕ್ ಇರುವುದನ್ನು ಕೊಳ್ಳಿ ಎಂದು ಹೊಸಬರಿಗೆ ನಾನು ಹೇಳುವುದಿಲ್ಲ.

ಡಿಸ್ಕ್ ಬ್ರೇಕ್ ಬಂದ ಆರಂಭದ ವರ್ಷಗಳ ಕೆಲವು ಮಾದರಿಗಳಲ್ಲಿ ಹಿಂದಿನ ಚಕ್ರ 135 ಮಿ.ಮೀ. ಅಗಲದ, ಸನ್ನೆ ತಿರುಗಿಸಿ ಬಿಚ್ಚುವ ಅಚ್ಚಿನದ್ದು. ಈಗಿನ ರೂಢಿ 142 ಮಿ.ಮೀ. ಅಗಲದಲ್ಲಿ 12 ಮಿ.ಮೀ. ದಪ್ಪದ, ಫ್ರೇಮಿನ ಒಳಗೇ ತೂರಿ ಬಿಗಿಯುವ ಅಚ್ಚು. ಹಳೆಯ ಬಗೆಗೆ ಮುಂದೆ ಚಕ್ರ ಹುಡುಕುವುದು ಕಷ್ಟ.

ಟೈರು ಎಷ್ಟು ದಪ್ಪ ಇರಬೇಕು?

ಸೈಕಲ್ಲಿಗೆ ಹಾಕಿರುವ ಟೈರಿಗಿಂತ, ಫ್ರೇಮು ಮತ್ತು ಬ್ರೇಕಿನ ನಡುವೆ ಎಷ್ಟು ದಪ್ಪದ ಟೈರಿಗೆ ಜಾಗವಿದೆ ಎಂಬುದು ಮುಖ್ಯ. ಟೈರು ಬದಲಿಸಬಹುದು, ಜಾಗ ಮಾಡಲಾಗದು. ಹಳೆಯ ರಿಮ್ ಬ್ರೇಕ್ ಫ್ರೇಮುಗಳಲ್ಲಿ 25 ಮಿ.ಮೀ.ಗೇ ಜಾಗ ಮುಗಿದಿರಬಹುದು, ಇಂದಿನ ಎಂಡ್ಯೂರೆನ್ಸ್ ಮಾದರಿಗಳು 32 ಅಥವಾ ಹೆಚ್ಚನ್ನು ಹಿಡಿಸುತ್ತವೆ. ರಸ್ತೆ ಒರಟಾಗಿದ್ದಷ್ಟೂ ಕಡಿಮೆ ಗಾಳಿಯ ದಪ್ಪ ಟೈರು ಕೈಗೆ, ಬೆನ್ನಿಗೆ ಹಿತ. ಹೊಂಡವೊಂದನ್ನು ತಪ್ಪಿಸಲಾಗದೆ ಇಳಿಸಿದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಎರಡು ತೂತು ಬೀಳುವುದೂ ಅದರಲ್ಲಿ ಕಡಿಮೆ. ಕನಿಷ್ಠ 28 ಮಿ.ಮೀ. ಹಿಡಿಸದ ಸೈಕಲ್ಲನ್ನು ಎಷ್ಟೇ ಅಗ್ಗವಾದರೂ ಹೊಸಬರು ಬಿಡುವುದು ಲೇಸು.

ರಿಮ್ಮಿನ ಒಳಅಂಚಿಗೆ ಕೊಕ್ಕೆ ಇಲ್ಲದ, ಹುಕ್‌ಲೆಸ್ ಎಂಬ ಬಗೆಯ ಚಕ್ರವಿದ್ದರೆ ಗಾಳಿಯ ಒತ್ತಡ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ಮೀರಬಾರದು, ಅದಕ್ಕೆ ಒಪ್ಪುವ ಟೈರುಗಳನ್ನೇ ಹಾಕಬೇಕು. ಹಳೆಯ ಅಭ್ಯಾಸದಂತೆ 100 ತುಂಬಿದರೆ ಟೈರು ಕಳಚಿಕೊಳ್ಳಬಹುದು.

ಕಾರ್ಬನ್ ಫ್ರೇಮು ಅಲ್ಯೂಮಿನಿಯಂ ದರಕ್ಕೆ ಸಿಗುತ್ತಿದೆ. ಬಿಡುವುದು ಹೇಗೆ?

ಹೊಸದಾಗಿದ್ದು, ಖಾತರಿ ನಿಮ್ಮ ಹೆಸರಿಗೆ ಬರುವುದಾದರೆ ಕೊಳ್ಳಿ. ಪ್ರದರ್ಶನಕ್ಕೆ, ಬಾಡಿಗೆಗೆ, ಪರೀಕ್ಷಾ ಸವಾರಿಗೆ ಬಳಸಿದ್ದಾದರೆ ಯೋಚಿಸಿ. ಅಲ್ಯೂಮಿನಿಯಂ ಪೆಟ್ಟು ತಿಂದರೆ ತಗ್ಗು ಕಾಣುತ್ತದೆ, ಕಾರ್ಬನ್ ಒಳಪದರದಲ್ಲಿ ಬಿರಿದಿದ್ದರೂ ಮೇಲೆ ಬಣ್ಣ ನಗುತ್ತಿರಬಹುದು. ನಾಣ್ಯದಿಂದ ಮೆಲ್ಲಗೆ ತಟ್ಟುತ್ತ ಹೋದಾಗ ಒಂದೆಡೆ ಟಕ್ ಎಂಬ ಗಟ್ಟಿ ದನಿ ಮಂಕಾದರೆ ಅಲ್ಲಿ ಸಂಶಯಪಡಬೇಕು, ಆದರೆ ದನಿ ಸರಿಯಿದ್ದ ಮಾತ್ರಕ್ಕೆ ಫ್ರೇಮು ಸರಿಯಿದೆ ಎಂದು ಹೇಳಲಾಗದು.

ತೂಕದ ಆಸೆಯನ್ನು ಲೆಕ್ಕ ಹಾಕಿ ನೋಡಿ. ಒಟ್ಟು 80 ಕೆ.ಜಿ.ಯಲ್ಲಿ 1 ಕೆ.ಜಿ. ಕಡಿಮೆಯಾದರೆ 30 ನಿಮಿಷದ ಕಡಿದಾದ ಏರಿನಲ್ಲಿ ಉಳಿಯುವುದು ಸುಮಾರು 20 ಸೆಕೆಂಡ್. ಕಾರ್ಬನ್ ಫೋರ್ಕಿರುವ ಅಲ್ಯೂಮಿನಿಯಂ ಫ್ರೇಮು ಮೊದಲ ಸೈಕಲ್ಲಿಗೆ ಧಾರಾಳವಾಗಿ ಸಾಕು.

ಎರಡು ಮೂರು ವರ್ಷ ಗೋದಾಮಿನಲ್ಲಿ ನಿಂತ ಹೊಸ ಸೈಕಲ್ ಹಾಳಾಗಿರುತ್ತದೆಯೇ?

ಲೋಹಕ್ಕೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ, ರಬ್ಬರಿಗೆ ಆಗಿರಬಹುದು. ಟೈರಿನ ಪಕ್ಕವನ್ನು ಹೆಬ್ಬೆರಳಿನಿಂದ ಅಗಲಿಸಿ ಹಿಡಿದರೆ ಕೂದಲೆಳೆಯ ಬಿರುಕುಗಳು ಕಾಣುತ್ತವೆ. ಬ್ರೇಕ್ ಹಿಡಿಕೆಯ ಹೊದಿಕೆ ಅಂಟಂಟಾಗಿರಬಹುದು. ಟ್ಯೂಬ್ ಇಲ್ಲದ ಟೈರಿನೊಳಗಿನ, ತೂತು ಮುಚ್ಚುವ ದ್ರವ ಕೆಲವೇ ತಿಂಗಳಲ್ಲಿ ಒಣಗುವಂಥದ್ದು, ಅದನ್ನು ಹೊಸದಾಗಿ ತುಂಬಬೇಕು. ಎಣ್ಣೆಯ ಬ್ರೇಕಿನ ಹಿಡಿಕೆ ಒತ್ತಿದಾಗ ಮೆತ್ತಗೆ ಹ್ಯಾಂಡಲ್ಲಿನವರೆಗೆ ಬಂದರೆ ಗಾಳಿ ಸೇರಿದೆ ಎಂದರ್ಥ. ಇವುಗಳನ್ನು ಮಾರುವ ಮುನ್ನ ಸರಿಪಡಿಸಿಕೊಡಿ ಎಂದು ಕೇಳುವುದು ನಿಮ್ಮ ಹಕ್ಕು. ಜೊತೆಗೆ, ಹಿಂದಿನ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಎಂಬ ಚಿಕ್ಕ ತುಂಡು ಬಹುಮಟ್ಟಿಗೆ ಮಾದರಿಯಿಂದ ಮಾದರಿಗೆ ಬೇರೆ. ಸೈಕಲ್ ಪಕ್ಕಕ್ಕೆ ಬಿದ್ದಾಗ ಮೊದಲು ಬಾಗುವುದು ಅದೇ. ನಿಂತುಹೋದ ಮಾದರಿಯನ್ನು ಕೊಳ್ಳುವಾಗ ಒಂದು ಹೆಚ್ಚುವರಿ ಹ್ಯಾಂಗರನ್ನು ಅಂದೇ ತೆಗೆದಿಟ್ಟುಕೊಳ್ಳಿ.

ರಿಯಾಯಿತಿ ನಿಜವಾದದ್ದೇ ಎಂದು ತಿಳಿಯುವುದು ಹೇಗೆ?

ಅಡ್ಡಗೆರೆ ಎಳೆದ ಹಳೆಯ ದರವನ್ನು ಮರೆತುಬಿಡಿ. ಆ ದರಕ್ಕೆ ಯಾರೂ ಎಂದೂ ಮಾರದೆ ಇದ್ದಿರಬಹುದು. ಇಂದಿನ ಮಾರುಕಟ್ಟೆಯಲ್ಲಿ ಇದೇ ಫ್ರೇಮು, ಇದೇ ಗ್ರೂಪ್‌ಸೆಟ್ ಇರುವ ಎರಡು ಮೂರು ಹೊಸ ಸೈಕಲ್ಲುಗಳ ದರದ ಪಕ್ಕ ಇದನ್ನಿಟ್ಟು ನೋಡಿ. ನಂತರ ಇನ್ನೇನೇನು ಕೊಳ್ಳಬೇಕು ಎಂದು ಬರೆಯಿರಿ. ಅನೇಕ ರೋಡ್ ಬೈಕುಗಳು ಪೆಡಲ್ ಇಲ್ಲದೆಯೇ ಬರುತ್ತವೆ ಎಂಬುದು ಹೊಸಬರಿಗೆ ಗೊತ್ತಿರುವುದಿಲ್ಲ. ಹೆಲ್ಮೆಟ್, ದೀಪ, ಬೀಗ, ಪಂಪು, ಹೆಚ್ಚುವರಿ ಟ್ಯೂಬು, ಬಹುಶಃ ಬೇರೆ ಸೀಟು ಮತ್ತು ಸ್ಟೆಮ್ ಸೇರಿದ ಮೇಲೆ ಬರುವ ಮೊತ್ತವೇ ನಿಜವಾದ ದರ. ಅಂಗಡಿಯೊಂದು ಸ್ವಲ್ಪ ಹೆಚ್ಚು ದರ ಹೇಳಿ, ಸ್ಟೆಮ್ ಬದಲಾವಣೆ ಮತ್ತು ಮೊದಲ ಸರ್ವಿಸನ್ನು ಉಚಿತವಾಗಿ ಕೊಟ್ಟರೆ ಹೊಸಬರ ಮಟ್ಟಿಗೆ ಅದೇ ಅಗ್ಗ.

ಖಾತರಿಯನ್ನೂ ಓದಿ ನೋಡಿ. ಫ್ರೇಮಿನ ಖಾತರಿಯನ್ನು ಹಲವು ತಯಾರಕರು ಮೊದಲ ಖರೀದಿದಾರರಿಗೆ ಮಾತ್ರ ಕೊಡುತ್ತಾರೆ. ಪ್ರದರ್ಶನದ ಸೈಕಲ್ಲಿನಲ್ಲಿ ನೀವು ಮೊದಲ ಖರೀದಿದಾರರೇ ಎಂದು ಕೇಳಿ, ರಸೀದಿಯಲ್ಲಿ ಫ್ರೇಮಿನ ಸಂಖ್ಯೆ ಬರೆಸಿಕೊಳ್ಳಿ.

ಇಂದೇ ಕೊನೆಯ ದಿನ ಎನ್ನುತ್ತಿದ್ದಾರೆ. ತುಳಿದು ನೋಡದೆ ಕೊಳ್ಳಬಹುದೇ?

ಬೇಡ. ಪೆಟ್ಟಿಗೆಯಲ್ಲಿ ಬರುವ ಸೈಕಲ್ಲಾದರೆ ಹಿಂದಿರುಗಿಸುವ ಅವಧಿ, ಸಾಗಣೆಯ ವೆಚ್ಚ ಯಾರದ್ದು ಎಂಬುದನ್ನು ಮೊದಲೇ ತಿಳಿಯಿರಿ. ಜೋಡಣೆಯನ್ನು ಅನುಭವಸ್ಥರಿಂದ ಮಾಡಿಸಿ. ಸ್ಟೆಮ್ಮಿನ ಬೋಲ್ಟುಗಳಿಗೆ ಸಾಮಾನ್ಯವಾಗಿ 5 ನ್ಯೂಟನ್ ಮೀಟರಿನಷ್ಟೇ ಬಿಗಿತ ಸಾಕು, ಸರಿಯಾದ ಅಂಕಿ ಆ ಭಾಗದ ಮೇಲೆಯೇ ಅಚ್ಚಾಗಿರುತ್ತದೆ. ಅದನ್ನು ಮೀರಿ ಬಿಗಿದರೆ ಕಾರ್ಬನ್ ಭಾಗಗಳು ಒಡೆಯಬಹುದು.

ಪರೀಕ್ಷಾ ಸವಾರಿಯಲ್ಲಿ ಏನನ್ನು ಗಮನಿಸಬೇಕು?

ಅಂಗಳದಲ್ಲಿ ಒಂದು ಸುತ್ತು ಹಾಕಿದರೆ ಏನೂ ತಿಳಿಯದು, ಎಲ್ಲ ಹೊಸ ಸೈಕಲ್ಲುಗಳೂ ಐದು ನಿಮಿಷ ಹಾಯಾಗಿಯೇ ಇರುತ್ತವೆ. ಅರ್ಧ ಗಂಟೆಯಾದರೂ ಕೇಳಿ ಪಡೆಯಿರಿ. ಹೊರಡುವ ಮುನ್ನ ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಅದನ್ನು ತೀರಾ ಕೆಳಗೆ ತಂದಾಗ ಕಾಲು ನೆಟ್ಟಗಾಗುವಂತೆ ಸೀಟನ್ನು ಹೊಂದಿಸಿಕೊಳ್ಳಿ. ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತುಸು ಬಾಗಿರುತ್ತದೆ.

ಬ್ರೇಕ್ ಹಿಡಿಕೆಯ ಮೇಲೆ ಕೈಯಿಟ್ಟು ತುಳಿಯುತ್ತಿರುವಾಗ ಮೊಣಕೈ ಸಡಿಲವಾಗಿ ಬಾಗಿದೆಯೇ ನೋಡಿ. ಹೊಟ್ಟೆಯ ಬಲದಿಂದ ಮೈಯನ್ನು ಹಿಡಿದುಕೊಂಡು, ಹಿಡಿಕೆಯ ಮೇಲೆ ಬೆರಳುಗಳಿಂದ ಪಿಯಾನೊ ನುಡಿಸುವಂತೆ ಆಡಿಸಲು ಆಗುತ್ತದೆಯೇ? ಆಗದಿದ್ದರೆ ಭಾರ ಅತಿಯಾಗಿ ಕೈಯ ಮೇಲೆ ಬಿದ್ದಿದೆ. ಎರಡು ಬೆರಳಿನಿಂದ ಬ್ರೇಕ್ ಎಟುಕಬೇಕು. ಕೈ ಚಿಕ್ಕದಿದ್ದರೆ ಹಿಡಿಕೆಯನ್ನು ಹತ್ತಿರ ತರುವ ತಿರುಪು ಬಹಳಷ್ಟು ಮಾದರಿಗಳಲ್ಲಿ ಇದೆ, ಅದನ್ನು ತಿರುಗಿಸಿಕೊಡಲು ಹೇಳಿ. ಚಿಕ್ಕ ಫ್ರೇಮಾದರೆ ನಿಧಾನವಾಗಿ ತಿರುಗುವಾಗ ಕಾಲಿನ ತುದಿ ಮುಂದಿನ ಚಕ್ರಕ್ಕೆ ತಾಗುತ್ತದೆಯೇ ಎಂದು ಪರೀಕ್ಷಿಸಿ. ಸಾಧ್ಯವಾದರೆ ಒಂದು ಏರನ್ನು ಹುಡುಕಿ, ಅತ್ಯಂತ ಹಗುರವಾದ ಗೇರಿನಲ್ಲಿ ಕುಳಿತೇ ಏರಿ. ಮಾತಾಡಲು ಉಸಿರು ಉಳಿದರೆ ಆ ಗೇರು ನಿಮ್ಮದು.

ಕೊಂಡ ಮೇಲೆ ಹೊಂದುತ್ತಿಲ್ಲ ಎನಿಸಿದರೆ ಎಷ್ಟು ದಿನ ಕಾಯಬೇಕು?

ಸೀಟಿನ ಮೇಲೆ ಕೂರುವ ನೋವು, ತೊಡೆಯ ದಣಿವು ಮೊದಲ ಎರಡು ಮೂರು ವಾರ ಸಹಜ, ತಾವಾಗಿಯೇ ಇಳಿಯುತ್ತವೆ. ಬೆರಳು ಅಥವಾ ತೊಡೆಸಂದು ಜೋಮು ಹಿಡಿಯುವುದು, ಮಂಡಿಯ ಒಂದೇ ಜಾಗದಲ್ಲಿ ಚುಚ್ಚುವುದು, ಇಳಿದ ಮೇಲೂ ಕತ್ತು ತಿರುಗಿಸಲಾಗದಿರುವುದು ಸಹಜವಲ್ಲ. ಇವು ಎರಡನೆಯ ಸವಾರಿಯಲ್ಲೂ ಮರುಕಳಿಸಿದರೆ ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಅಂಗಡಿಗೆ ಹೋಗಿ. ಸೀಟಿನ ಎತ್ತರ, ಸೀಟಿನ ಹಿಂದುಮುಂದು, ಸ್ಟೆಮ್ ಈ ಮೂರನ್ನು ಒಂದೊಂದಾಗಿ, ಸೀಟನ್ನಾದರೆ ಒಮ್ಮೆಗೆ 5 ಮಿ.ಮೀ.ಯಂತೆ, ಬದಲಿಸಿ, ಪ್ರತಿ ಬದಲಾವಣೆಯ ಮುನ್ನ ಹಳೆಯ ಜಾಗಕ್ಕೆ ಅಂಟುಪಟ್ಟಿಯ ಗುರುತು ಹಾಕಿ. ಒಟ್ಟಿಗೇ ಎಲ್ಲವನ್ನೂ ಬದಲಿಸಿದರೆ ಯಾವುದರಿಂದ ನೋವು ಹೋಯಿತು, ಯಾವುದರಿಂದ ಬಂತು ಎಂದು ತಿಳಿಯುವುದಿಲ್ಲ.